ಅಕ್ಕನ ಪಾಲು

ವಾಷಿಂಗ್ಟನ್ ಹತ್ತಿರದ ಕ್ಲಾರ್ಕ್ಸ್‌ಬರ್ಗ್‌ನ ನಮ್ಮ ಟೌನ್‌ಹೌಸಿನಲ್ಲಿ ಅಡುಗೆಮನೆ ಇದ್ದದ್ದು ನಡುವಿನ ಮಹಡಿಯಲ್ಲಿ. ಕೆಳಗೆ ಗರಾಜು, ಮೇಲೆ ಮಲಗುವ ಕೋಣೆಗಳು, ನಡುವೆ ಉದ್ದಕ್ಕೆ ಒಂದೇ ಜಾಗ. ಅದರ ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ಸೋಫಾ. ಈ ಎರಡರ ಮಧ್ಯೆ ನೆಲಕ್ಕೆ ಹಾಸಿದ್ದ ನೀಲಿ ಜಮಖಾನದ ಮೇಲೆಯೇ ನನ್ನ ಹೆಣ್ಣುಮಕ್ಕಳಿಬ್ಬರ ಮೊದಲ ಐದು ವರ್ಷ ಕಳೆಯಿತು ಎಂದು ನನಗೆ ಅನಿಸುತ್ತದೆ. ಅನಿಸುತ್ತದೆ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಜಮಖಾನ ನೀಲಿಯಲ್ಲ, ಹಸಿರು ಎನ್ನುತ್ತಾಳೆ ನನ್ನ ಹೆಂಡತಿ ವಿದ್ಯಾ. ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಸಮೀಕ್ಷೆಗಳಲ್ಲಿ ಜನ ನೆನಪಿನಿಂದ ಕೊಡುವ ಉತ್ತರಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಅಳೆಯುವುದೇ ಎಷ್ಟೋ ವರ್ಷಗಳಿಂದ ನನ್ನ ಕೆಲಸ. ಊರವರ ನೆನಪನ್ನೆಲ್ಲ ಸಂಶಯದಿಂದ ನೋಡಿದ ನಾನು ನನ್ನದನ್ನು ಮಾತ್ರ ಬಹಳ ಕಾಲ ಹಾಗೇ ಬಿಟ್ಟಿದ್ದೆ. ಅದರಿಂದ ತೊಂದರೆಯಾದದ್ದು ನನ್ನ ಎರಡನೆಯ ಮಗಳಿಗೆ. ಅದನ್ನು ಸರಿಮಾಡಿದವರು ನನ್ನ ಅತ್ತೆ.

ಕೋವಿಡ್‌ನ ಮೊದಲ ವಸಂತದಲ್ಲಿ ವಿದ್ಯಾ ಐದು ತಿಂಗಳ ಬಸುರಿ. ನನಗೆ ಆಗಲೇ ನಲವತ್ತು ದಾಟಿತ್ತು. ಹೊಟ್ಟೆಯಲ್ಲಿ ಅವಳಿ ಹೆಣ್ಣುಮಕ್ಕಳು, ಎರಡಕ್ಕೂ ಒಂದೇ ಮಾಸು. ಆ ಮಾಸಿನೊಳಗೆ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು, ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯತೊಡಗಿತ್ತು. ಕೊಡುತ್ತಿದ್ದ ಮಗು ಸುತ್ತಲಿನ ನೀರು ಬತ್ತಿ ಗೋಡೆಗೆ ಅಂಟಿಕೊಂಡಂತಿತ್ತು. ಪಡೆಯುತ್ತಿದ್ದ ಮಗು ದಿನದಿನಕ್ಕೆ ಉಬ್ಬುತ್ತಿತ್ತು. ಹಾಗೇ ಬಿಟ್ಟರೆ ಎರಡೂ ಉಳಿಯುವುದು ಕಷ್ಟ ಎಂದರು. ವಾಷಿಂಗ್ಟನ್‌ನ ಒಂದು ಆಸ್ಪತ್ರೆಯಲ್ಲಿ, ಪೆನ್ಸಿಲಿಗಿಂತ ಸಪೂರವಾದ ಕೊಳವೆಯೊಂದನ್ನು ಹೊಟ್ಟೆಯೊಳಗೆ ಇಳಿಸಿ, ಕೂಡಿಕೊಂಡಿದ್ದ ನಾಳಗಳನ್ನು ಒಂದೊಂದಾಗಿ ಲೇಸರಿನಿಂದ ಸುಟ್ಟು ಮುಚ್ಚಿದರು. ತೆರೆಯ ಮೇಲೆ ಕಂಡ ಕೆಂಪು ನಾಳಗಳು, ಬಿಳಿಯ ಕಿಡಿ, ‘ಇನ್ನೊಂದಿದೆ’ ಎಂದ ಡಾಕ್ಟರಮ್ಮನ ತಣ್ಣಗಿನ ದನಿ ನನಗೆ ಚೆನ್ನಾಗಿ ನೆನಪಿವೆ. ಆದರೆ ನಾನು ಆ ಕೋಣೆಯಲ್ಲಿ ಇರಲೇ ಇಲ್ಲ. ಕೋವಿಡ್‌ನ ನಿಯಮದಿಂದಾಗಿ ಒಳಗೆ ಬಿಟ್ಟಿರಲಿಲ್ಲ. ಪಾರ್ಕಿಂಗ್ ಕಟ್ಟಡದ ಮೂರನೆಯ ಮಹಡಿಯಲ್ಲಿ, ಕಾರಿನೊಳಗೆ, ಮುಚ್ಚಳ ತೆಗೆಯದ ಮೊಸರನ್ನದ ಡಬ್ಬಿ ಹಿಡಿದು ಕೂತಿದ್ದೆ. ಎಚ್ಚರವಾಗಿದ್ದು ಅದನ್ನೆಲ್ಲ ನೋಡಿದವಳು ವಿದ್ಯಾ. ಅವಳು ಹೇಳಿದ್ದು ಯಾವಾಗ ನಾನು ಕಂಡದ್ದಾಯಿತೋ ತಿಳಿಯದು.

ಅದೇ ವಾರ ಅತ್ತೆ, ವಿದ್ಯಾಳ ತಾಯಿ, ಬಂದರು. ಅವರು ಧಾರವಾಡದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಒಂದನೆಯ ತರಗತಿಗೆ ಪಾಠ ಹೇಳಿ ನಿವೃತ್ತರಾಗಿ, ದೂರ ದಕ್ಷಿಣದ ಸುವಾನಿ ಎಂಬ ಊರಿನಲ್ಲಿ ಮಗನ ಮನೆಯಲ್ಲಿದ್ದರು. ವಿಮಾನ ಹತ್ತುವ ಧೈರ್ಯ ಯಾರಿಗೂ ಇಲ್ಲದ ದಿನಗಳು. ಎರಡೂ ಕ್ಯಾರೊಲೈನಾ ರಾಜ್ಯಗಳನ್ನು ದಾಟಿ, ಹೋಟೆಲಿನ ಕಡೆ ತಲೆಯೂ ಹಾಕದೆ, ತೊಡೆಯ ಮೇಲೆ ಜೋಳದ ರೊಟ್ಟಿಯ ಗಂಟು ಇಟ್ಟುಕೊಂಡು ಮಗನ ಕಾರಿನಲ್ಲಿ ಬಂದಿಳಿದರು. ಇಳಿದವರೇ ಮಾಸ್ಕಿನ ಮೇಲಿಂದ ನನ್ನನ್ನು ಒಮ್ಮೆ ನೋಡಿ, “ಊಟ ಮಾಡೀರೇನು?” ಎಂದರು. ಮೂರು ದಿನದಿಂದ ಅದನ್ನು ಯಾರೂ ಕೇಳಿರಲಿಲ್ಲ.

ಮಕ್ಕಳು ಎಂಟನೆಯ ತಿಂಗಳಲ್ಲೇ ಹುಟ್ಟಿದರು. ಮೊದಲು ಬಂದ ಅನಘ ರಕ್ತ ಕೊಟ್ಟವಳು, ಅಂಗೈ ಮೇಲೆ ಹಿಡಿಸುವಷ್ಟು. ಆಮೇಲೆ ಬಂದ ಇಳಾ ಪಡೆದವಳು, ಅಕ್ಕನ ಒಂದೂವರೆಯಷ್ಟು. ಐದು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಗಳಲ್ಲಿದ್ದು ಮನೆಗೆ ಬಂದರು. ಅಂದಿನಿಂದ ನಮ್ಮ ಮನೆಯ ಕಣ್ಣೆಲ್ಲ ಅನಘಳ ಮೇಲೆ. ಅವಳು ಎಷ್ಟು ಕುಡಿದಳು, ಎಷ್ಟು ಕಕ್ಕಿದಳು, ಕತ್ತು ಯಾವಾಗ ನಿಂತಿತು. ಫ್ರಿಜ್ಜಿನ ಬಾಗಿಲಿಗೆ ಎರಡು ಚಾರ್ಟು ಅಂಟಿಸಿದ್ದೆ. ಅನಘಳದ್ದರಲ್ಲಿ ಬರೆದೂ ಬರೆದೂ ಜಾಗ ಸಾಲುತ್ತಿರಲಿಲ್ಲ, ಇಳಾಳದ್ದು ಅರ್ಧಕ್ಕರ್ಧ ಖಾಲಿ. ಗಟ್ಟಿ ಕೂಸು, ಅವಳಿಗೇನು ಎನ್ನುತ್ತಿದ್ದೆವು. ಗಟ್ಟಿ ಎಂಬುದರ ಜೊತೆಗೆ ಇನ್ನೊಂದು ಹೆಸರೂ ಅವಳಿಗೆ ಬಿತ್ತು: ಕಳ್ಳಿ. ಅಕ್ಕನ ಪಾಲನ್ನೂ ಹೊಟ್ಟೆಯಲ್ಲೇ ಕುಡಿದು ಬಂದ ಕಳ್ಳಿ. ಮುದ್ದಿನಿಂದಲೇ ಹೇಳುತ್ತಿದ್ದೆವು. ಬಂದ ಸ್ನೇಹಿತರ ಮುಂದೆ ನಾನು ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. “ನಮ್ಮತ್ತೆ ಇವಳನ್ನ ಕಳ್ಳಿ ಅಂತಲೇ ಕರೆಯೋದು” ಎಂದು ಮುಗಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಇಳಾಳೂ ನಗುತ್ತಿದ್ದಳು.

ಊಟದ ಹೊತ್ತು ಅತ್ತೆಯದು. ಜಮಖಾನದ ಮೇಲೆ ಕಾಲು ಮಡಿಸಿ ಕೂತು, ಎಡಕ್ಕೊಬ್ಬಳು ಬಲಕ್ಕೊಬ್ಬಳನ್ನು ಕೂರಿಸಿಕೊಂಡು, ಒಂದೇ ತಟ್ಟೆಯಲ್ಲಿ ಅನ್ನ ಸಾರು ತುಪ್ಪ ಕಲಸಿ ತುತ್ತು ಕೊಡುತ್ತಿದ್ದರು. ಮೊದಲ ತುತ್ತು ಅನಘಳಿಗೆ. ಎರಡನೆಯದು ಇಳಾಳಿಗೆ. ಈ ಸರದಿ ಒಂದು ದಿನವೂ ತಪ್ಪಲಿಲ್ಲ. ಬಾಳೆಹಣ್ಣು ಮುರಿದರೂ ಹೋಳಿಗೆ ಹರಿದರೂ ಮೊದಲ ತುಂಡು ಅಕ್ಕನಿಗೆ. ಒಮ್ಮೆ ವಿದ್ಯಾ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ:

“ಹೊಟ್ಟ್ಯಾಗ ಅಕಿಗೆ ಸಿಗಲಿಲ್ಲ. ಹೊರಗ ಬಂದ ಮ್ಯಾಲೆ ಆದ್ರೂ ಸಿಗಲಿ.”

ನನಗೆ ಅದು ದೊಡ್ಡ ನ್ಯಾಯವಾಗಿ ಕಂಡಿತ್ತು. ನಾನು ದೇವರನ್ನು ನಂಬುವವನಲ್ಲ, ಶಾಂತಿ ಹೋಮಗಳನ್ನೂ ನಂಬುವವನಲ್ಲ. ಆದರೆ ಆ ಮೊದಲ ತುತ್ತನ್ನು ನೋಡುವಾಗ ಕೈ ಮುಗಿಯಬೇಕು ಅನಿಸುತ್ತಿತ್ತು.

ಹೀಗೆ ಹೊಟ್ಟೆಯಲ್ಲಿ ಆಪರೇಷನ್ ಆಗಿ ಹುಟ್ಟಿದ ಮಕ್ಕಳ ಮೇಲೆ ವರ್ಷಗಟ್ಟಲೆ ಕಣ್ಣಿಡುತ್ತಾರೆ. ಕೆಲವು ತಿಂಗಳಿಗೊಮ್ಮೆ ಕ್ಲಿನಿಕ್ಕಿನಿಂದ ಪ್ರಶ್ನೆಗಳ ಹಾಳೆ ಬರುತ್ತಿತ್ತು. ಆಧಾರವಿಲ್ಲದೆ ಕೂರುತ್ತಾಳೆಯೇ, ಮೆಟ್ಟಿಲು ಹತ್ತುತ್ತಾಳೆಯೇ, ಎರಡು ಪದ ಕೂಡಿಸಿ ಮಾತಾಡುತ್ತಾಳೆಯೇ. ಹೌದು, ಕೆಲವೊಮ್ಮೆ, ಇನ್ನೂ ಇಲ್ಲ ಎಂಬ ಮೂರು ಚೌಕಗಳು. ಅನಘಳ ಹಾಳೆಗೆ ನಾನೂ ವಿದ್ಯಾಳೂ ಒಂದು ಸಂಜೆಯಿಡೀ ವಾದ ಮಾಡುತ್ತಿದ್ದೆವು. ಇಳಾಳ ಹಾಳೆಯಲ್ಲಿ ನಾನು ‘ಹೌದು’ ಚೌಕಗಳ ಮೇಲೆ ಸರಸರ ಗುರುತು ಹಾಕಿ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದೆ. ಎರಡು ವರ್ಷ ತುಂಬುವ ಹೊತ್ತಿಗೆ ಅನಘಳ ಹಾಳೆಯಲ್ಲಿ ಕೈಯ ಕೆಲಸಗಳ ಮುಂದೆಲ್ಲ ‘ಇನ್ನೂ ಇಲ್ಲ’. ಚಮಚ ಹಿಡಿಯುವುದು ಇಲ್ಲ, ಲೋಟ ಎತ್ತಿ ಕುಡಿಯುವುದು ಇಲ್ಲ. ಬೆರಳುಗಳನ್ನು ಆಡಿಸುವ ಮಿದುಳಿನ ಭಾಗಕ್ಕೆ ಪೆಟ್ಟಾಗಿದೆಯೋ ಏನೋ ಎಂದು ನಾನು ಸಂಶೋಧನಾ ಲೇಖನಗಳನ್ನು ಓದಲು ಕೂತೆ. ಕ್ಲಿನಿಕ್ಕಿನ ಥೆರಪಿಸ್ಟ್ ವಿಡಿಯೋ ಕರೆ ಮಾಡಿ ಎಲ್ಲ ಕೇಳಿಕೊಂಡು, ಕೊನೆಗೆ ಒಂದು ಪ್ರಶ್ನೆ ಹಾಕಿದಳು: ಅವಳ ಕೈಗೆ ಯಾರಾದರೂ ಯಾವತ್ತಾದರೂ ಚಮಚ ಕೊಟ್ಟಿದ್ದೀರಾ?

ವಿದ್ಯಾ ತಾಯಿಯ ಕಡೆ ತಿರುಗಿದಳು.

“ಅವ್ವಾ, ಕೊಟ್ಟೀಯೇನು?”

“ಯಾಕ ಕೊಡ್ಲಿ? ನನ್ನ ಕೈಗೆ ಏನಾಗೇತಿ?”

ಥೆರಪಿಸ್ಟಿಗೆ ಇದನ್ನು ಹೇಗೆ ಅನುವಾದಿಸುವುದೆಂದು ತಿಳಿಯದೆ ನಾವಿಬ್ಬರೂ ನಕ್ಕುಬಿಟ್ಟೆವು. ನಗು ಮುಗಿದ ಮೇಲೆ ಅತ್ತೆ ಮಾಡಿದ್ದು ನನ್ನಿಂದ ಆಗುತ್ತಿರಲಿಲ್ಲ. ಮರುದಿನದಿಂದ ಇಬ್ಬರಿಗೂ ಒಂದೊಂದು ತಟ್ಟೆ, ಒಂದೊಂದು ಚಮಚ. ಅತ್ತೆ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಎದುರಿಗೆ ಕೂತರು. ಅನಘ ಚಮಚ ಬೀಳಿಸಿದಳು, ಅತ್ತಳು, ಸಾರನ್ನು ಕಿವಿಗೆ ಮೆತ್ತಿಕೊಂಡಳು. ಅತ್ತೆಯ ಕಣ್ಣಲ್ಲಿ ನೀರು ತುಂಬಿತು, ಕೈ ಮಾತ್ರ ಹೊರಗೆ ಬರಲಿಲ್ಲ. ಇಷ್ಟು ವರ್ಷದ ಅಭ್ಯಾಸವನ್ನು ಒಂದೇ ರಾತ್ರಿಯಲ್ಲಿ ಬಿಟ್ಟ ಇನ್ನೊಬ್ಬರನ್ನು ನಾನು ನೋಡಿಲ್ಲ. ಅನಘ ಚಮಚ ಕಲಿತಳು. ಇಳಾ ತಾನೇ ತಿನ್ನುವುದನ್ನು ಯಾವಾಗಲೋ ಕಲಿತಿದ್ದಳು. ಅಕ್ಕನ ತುತ್ತು ಮುಗಿಯಲಿ ಎಂದು ಕಾಯುತ್ತ ತಟ್ಟೆಯಂಚಿನಿಂದ ಕೈಯಲ್ಲೇ ತೆಗೆದು ತಿನ್ನುತ್ತಿದ್ದಳು. ಅಲ್ಲಿಯವರೆಗೆ ಅದನ್ನು ನಾವು ಯಾರೂ ಗಮನಿಸಿರಲಿಲ್ಲ. ಬಡಿಸುವ ಸರದಿ ಮಾತ್ರ ಹಳೆಯದೇ ಉಳಿಯಿತು.

ಇಳಾ ಜಗಳವನ್ನೇ ಆಡದ ಮಗು. ಗೊಂಬೆ ಕೇಳಿದರೆ ಗೊಂಬೆ, ಕಿಟಕಿ ಪಕ್ಕದ ಸೀಟು ಕೇಳಿದರೆ ಸೀಟು, ಎಲ್ಲ ಅಕ್ಕನಿಗೆ ಕೊಟ್ಟುಬಿಡುತ್ತಿದ್ದಳು. ಎಷ್ಟು ಒಳ್ಳೆಯ ಹುಡುಗಿ ಎಂದು ಬಂದವರು ಹೇಳುತ್ತಿದ್ದರು. ನಾನು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದೆ.

ಕಿಂಡರ್‌ಗಾರ್ಟನ್‌ಗೆ ಸೇರುವ ಮುಂಚೆ ಇಬ್ಬರಿಗೂ ದೊಡ್ಡ ಪರೀಕ್ಷೆಯೊಂದಿತ್ತು. ತಲೆಗೂದಲೆಲ್ಲ ಬೆಳ್ಳಗಾದ ಮನಶ್ಶಾಸ್ತ್ರಜ್ಞೆಯೊಬ್ಬರು ಒಬ್ಬೊಬ್ಬಳನ್ನೇ ಒಳಗೆ ಕರೆದುಕೊಂಡು ಹೋಗಿ ಚಿತ್ರ ತೋರಿಸಿ, ಮಣಿ ಪೋಣಿಸಲು ಹೇಳಿ, ಕಥೆ ಕೇಳಿ ಕಳಿಸಿದರು. ಆಮೇಲೆ ನಮ್ಮನ್ನು ಕೂರಿಸಿಕೊಂಡರು. ಅನಘ ಪೆನ್ಸಿಲ್ ಹಿಡಿಯುವುದರಲ್ಲಿ ಸ್ವಲ್ಪ ಹಿಂದಿದ್ದಾಳೆ, ಅಭ್ಯಾಸ ಬೇಕು, ಉಳಿದದ್ದರಲ್ಲಿ ಏನೂ ಭಯವಿಲ್ಲ ಎಂದರು. ಐದು ವರ್ಷದಿಂದ ನಾವು ಕಾದಿದ್ದ ಮಾತು ಅದು. ವಿದ್ಯಾ ನನ್ನ ಕೈ ಹಿಡಿದುಕೊಂಡಳು. ಇಳಾಳ ಅಂಕಗಳೆಲ್ಲ ಚೆನ್ನಾಗಿವೆ, ಆದರೆ ಒಂದು ವಿಷಯ ಹೇಳಬೇಕು ಎಂದು ಅವರು ಹಾಳೆ ಮಗುಚಿದರು. ನಡುವೆ ಬಿಡುವು ಕೊಟ್ಟಾಗ ಇಳಾಳಿಗೆ ನಾಲ್ಕು ಬಿಸ್ಕತ್ತು ಕೊಟ್ಟರಂತೆ. ನಾಲ್ಕನ್ನೂ ಅವಳು ಫ್ರಾಕಿನ ಜೇಬಿಗೆ ಹಾಕಿಕೊಂಡಳಂತೆ. ಹಸಿವಿಲ್ಲವೇ ಎಂದು ಕೇಳಿದ್ದಕ್ಕೆ ಹೇಳಿದ್ದನ್ನು ಅವರು ಬರೆದುಕೊಂಡಿದ್ದರು. ಓದಿ ಹೇಳಿದರು. ಹಾಗಾಗಿ ಇಳಾಳ ಈ ಒಂದು ಮಾತಿನ ಬಗ್ಗೆ ನನಗೆ ಸಂಶಯವಿಲ್ಲ: ಹಸಿವಿದೆ, ಆದರೆ ಇವು ಅಕ್ಕನವು. ಹುಟ್ಟುವ ಮುಂಚೆ ನಾನು ಅವಳದನ್ನೆಲ್ಲ ಕುಡಿದುಬಿಟ್ಟೆ. ನಾನು ಕಳ್ಳಿ.

ಕೊನೆಯ ಪದವನ್ನು ಅವರು ಹೇಗೆ ಕೇಳಿಸಿತೋ ಹಾಗೆ ಬರೆದಿದ್ದರು. ಅದರ ಅರ್ಥವೇನು ಎಂದು ನಮ್ಮನ್ನೇ ಕೇಳಿದರು. ವಿದ್ಯಾ ಹೇಳಿದಳು.

ಮನೆಗೆ ಬಂದೆವು. ಮಕ್ಕಳನ್ನು ಮೇಲೆ ಕಳಿಸಿ ಅಡುಗೆಮನೆಗೆ ನುಗ್ಗಿದೆ.

“ಅತ್ತೆ, ಕಳ್ಳಿ ಕಳ್ಳಿ ಅಂತ ಕರೆದೂ ಕರೆದೂ ಆ ಮಗೂನ ಏನ್ ಮಾಡಿಟ್ಟಿದ್ದೀರಿ ಗೊತ್ತಾ? ಶುರು ಮಾಡಿದ್ದೇ ನೀವು. ಮೊದಲ ತುತ್ತು, ಮೊದಲ ಚೂರು... ಅವಳು ನಿಜವಾಗಿಯೂ ಕದ್ದಿದ್ದೀನಿ ಅಂದ್ಕೊಂಡಿದ್ದಾಳೆ!”

ಅತ್ತೆ ಹಿಟ್ಟು ಮೆತ್ತಿದ ಕೈ ಹಾಗೇ ಹಿಡಿದು ನನ್ನ ಮುಖ ನೋಡಿದರು.

“ಆತು. ಇನ್ನ ಅನ್ನೂದಿಲ್ಲ.”

“ಅಷ್ಟೇನಾ?”

“ಮತ್ತೇನ್ ಅನ್ಲಿ?”

“ರಘು, ಎನಫ್,” ಎಂದಳು ವಿದ್ಯಾ. “ಅವ್ವ ಒಬ್ಬಾಕಿನೇ ಅಂದಾಳೇನು? ನಾವೂ ಅಂದೀವಿ.”

ಅಂದಿದ್ದೇವೆ, ಆದರೆ ಮೊದಲು ಯಾರು ಎಂದು ನಾನು ಪಟ್ಟು ಹಿಡಿದೆ. ಅತ್ತೆ ಹಿಟ್ಟಿಗೆ ತಿರುಗಿದರು. ಅಂದು ಊಟಕ್ಕೆ ಮೊದಲ ರೊಟ್ಟಿಯನ್ನು ಇಳಾಳ ತಟ್ಟೆಗೆ ಹಾಕಿದರು. ಇಳಾ ಅದನ್ನು ನೋಡಿ, ಅಜ್ಜಿ ಮರೆತಿದ್ದಾರೆ ಅಂದುಕೊಂಡಳೇನೋ, ಎರಡೂ ಕೈಯಲ್ಲಿ ಎತ್ತಿ ಅಕ್ಕನ ತಟ್ಟೆಗೆ ಇಟ್ಟಳು. ಮರುದಿನವೂ ಹಾಗೆ. ಹದಿನೈದು ದಿನ ಹಾಗೆ. ನೀನು ಏನೂ ಕದ್ದಿಲ್ಲ ಪುಟ್ಟಿ ಎಂದು ನಾನು ಮತ್ತೆ ಮತ್ತೆ ಹೇಳಿದೆ. “ಓಕೆ ಅಪ್ಪ” ಎನ್ನುತ್ತಿದ್ದಳು. ನನ್ನನ್ನು ಸಮಾಧಾನ ಮಾಡುವಂತಿರುತ್ತಿತ್ತು ಆ ಓಕೆ.

ಆ ತಿಂಗಳ ಕೊನೆಗೆ ಪ್ರಿಸ್ಕೂಲಿನವರು ಮಕ್ಕಳ ಹಳೆಯ ಫೋಟೋ ಕೇಳಿದರು. ಒಂದು ಭಾನುವಾರ ಮಧ್ಯಾಹ್ನ ಹಳೆಯದನ್ನೆಲ್ಲ ತೆಗೆದು ನೋಡುತ್ತ ಕೂತಾಗ ಮಕ್ಕಳು ಆಸ್ಪತ್ರೆಯಿಂದ ಮನೆಗೆ ಬಂದ ದಿನದ ವಿಡಿಯೋ ಸಿಕ್ಕಿತು. ಬಾಗಿಲ ಬಳಿ ಎರಡು ಕಾರ್‌ಸೀಟು, ಎರಡು ಬಟ್ಟೆಯ ಗಂಟು. ಫೋನು ಹಿಡಿದವನ ದನಿ ನಗುತ್ತ ಹೇಳುತ್ತದೆ: “ನೋಡ್ರಪ್ಪ, ಇವಳೇ ಕಳ್ಳಿ. ಅಕ್ಕನ ಪಾಲನ್ನೂ ಕುಡಿದು ಬಂದಿದ್ದಾಳೆ.” ಹಿಂದಿನಿಂದ ಇನ್ನೊಂದು ದನಿ: “ಹಂಗ ಅನಬ್ಯಾಡ್ರಿ ಅಳಿಯಂದ್ರ. ಅದೇನು ತಿಳದ ಮಾಡೇತಿ?”

ಮೊದಲ ದನಿ ನನ್ನದು. ನಾಲ್ಕು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಆ ಗಳಿಗೆಯ ಒಂದು ಎಳೆಯೂ ನನ್ನೊಳಗೆ ಉಳಿದಿರಲಿಲ್ಲ. ಅತ್ತೆ ಮೊದಲ ಸಲ ಆ ಮಾತು ಹೇಳಿದ್ದು, ಆಗ ಅವರು ಉಟ್ಟಿದ್ದ ಸೀರೆ, ಎಲ್ಲವೂ ನನ್ನ ನೆನಪಿನಲ್ಲಿ ಸ್ಪಷ್ಟವಾಗಿತ್ತು. ಇನ್ನೊಬ್ಬರು ಇಂಥ ಉತ್ತರ ಕೊಟ್ಟಿದ್ದರೆ ನಾನು ಅದಕ್ಕೆ ಕೆಂಪು ಗೆರೆ ಹೊಡೆದು ಪಕ್ಕಕ್ಕಿಡುತ್ತಿದ್ದೆ.

ಅತ್ತೆ ಗರಾಜಿನ ಪಕ್ಕದ ಕೋಣೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದರು.

“ಅತ್ತೆ, ಆ ಮಾತು ಶುರು ಮಾಡಿದ್ದು ನಾನೇ. ವಿಡಿಯೋ ಸಿಕ್ತು.”

“ಹೌದು.”

“ನಿಮಗೆ ನೆನಪಿತ್ತಾ?”

“ಬಾಗಲದಾಗ ನಿಂತು ಅಂದ್ರಿ. ಬೂಟ್ ಸೈತ ಕಳದಿದ್ದಿಲ್ಲ.”

ಆಮೇಲೆ ನೋಡಿದೆ. ವಿಡಿಯೋದ ಮೂಲೆಯಲ್ಲಿ ನನ್ನ ಬೂಟುಗಳು ಇದ್ದವು.

“ಅವತ್ತು ನಾನು ಅಷ್ಟು ಕೂಗಾಡಿದಾಗ ಯಾಕೆ ಹೇಳಲಿಲ್ಲ?”

“ಹೇಳಿದ್ರ ನಂಬ್ತಿದ್ರೇನು? ಪುರಾವೆ ಎಲ್ಲೈತಿ ಅಂತ ಕೇಳ್ತಿದ್ರಿ.” ಮಡಿಸಿದ ಫ್ರಾಕನ್ನು ಒಮ್ಮೆ ಕೊಡವಿ ಮತ್ತೆ ಮಡಿಸಿದರು. “ನಾ ಬ್ಯಾಡ ಅಂದೆ ಖರೆ, ಆಮ್ಯಾಲೆ ನಾನೂ ಅಂದೀನಿ. ಮೊದಲ ಯಾರಂದ್ರು ಅನ್ನೂದು ತಗೊಂಡು ಕೂಸಿಗೆ ಏನಾಗೂದೈತಿ? ಅದನ್ನ ಬಿಡ್ರಿ. ಹೊಟ್ಟ್ಯಾಗ ಖರೇ ಏನಾಗಿತ್ತು, ನನಗ ಸರಿಯಾಗಿ ತಿಳಿಸಿ ಹೇಳ್ರಿ.”

ನಾನು ಕ್ಷಮೆ ಕೇಳಬೇಕೆಂದು ಕೂಡಿಸಿಟ್ಟುಕೊಂಡಿದ್ದ ವಾಕ್ಯಗಳನ್ನು ಅವರು ಕೇಳಿಸಿಕೊಳ್ಳಲು ಸಿದ್ಧರಿರಲಿಲ್ಲ. ಆಸ್ಪತ್ರೆಯ ಹಳೆಯ ಕಾಗದಗಳನ್ನು ತಂದೆ. ವಿದ್ಯಾಳನ್ನೂ ಕರೆದೆ, ಮೂವರೂ ಬಟ್ಟೆಯ ರಾಶಿಯ ನಡುವೆ ಕೂತೆವು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಐದು ವರ್ಷದಲ್ಲಿ ಅವರಿಗೆ ಇದನ್ನು ನೆಟ್ಟಗೆ ವಿವರಿಸಿದ್ದು ಅದೇ ಮೊದಲು. ಎರಡನೆಯ ಪುಟದಲ್ಲಿತ್ತು: ದೊಡ್ಡ ಮಗುವಿನ ಹೃದಯ ಊದಿಕೊಂಡಿದೆ, ಬರುತ್ತಿರುವ ರಕ್ತವನ್ನು ತಾಳಲಾರದೆ ಸೋಲುತ್ತಿದೆ. ಆ ವಾರ ಡಾಕ್ಟರುಗಳಿಗೆ ಹೆಚ್ಚು ಭಯವಿದ್ದದ್ದು ಇಳಾಳ ಬಗ್ಗೆ. ನಮ್ಮ ಮನೆಯ ಕಥೆಯಲ್ಲಿ ಅದು ಎಲ್ಲಿಯೂ ಇರಲಿಲ್ಲ. ಹುಟ್ಟಿದ ಮೇಲೆ ತೂಕ ನೋಡಿ ನಾವು ಕಥೆ ಕಟ್ಟಿದ್ದೆವು.

“ನನಗ ಹೇಳಿದ್ರು,” ಎಂದಳು ವಿದ್ಯಾ ಮೆಲ್ಲಗೆ. “ಟೇಬಲ್ ಮ್ಯಾಲೆ ಮಲಗಿದ್ದಾಗ ಹೇಳಿದ್ರು. ಆ ವಾರ ಪೂರ್ತಿ ನಾ ಇಳಾನ ಸಲುವಾಗೇ ಅತ್ತೀನಿ. ಆಮ್ಯಾಲೆ ಅಕಿ ದುಂಡಗ ಹುಟ್ಟಿದ್ಲು, ಮರತೇಬಿಟ್ಟೆ.”

ಅತ್ತೆ ಆ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡರು. ಹೃದಯ ಎಂದು ಇಂಗ್ಲಿಷಿನಲ್ಲಿ ಎಲ್ಲಿ ಬರೆದಿದೆ ತೋರಿಸಿ ಎಂದರು. ತೋರಿಸಿದೆ.

ಮುಂದಿನ ಶನಿವಾರ ಬೆಳಿಗ್ಗೆ, ತಿಂಡಿಯಾದ ಮೇಲೆ, ನಾನೂ ವಿದ್ಯಾಳೂ ನೋಡುತ್ತಿದ್ದಂತೆ ಅತ್ತೆ ಮಕ್ಕಳಿಬ್ಬರನ್ನೂ ಜಮಖಾನದ ಮೇಲೆ ಎದುರುಬದುರಾಗಿ ನಿಲ್ಲಿಸಿದರು. ಅವರು ಮೂವತ್ತು ವರ್ಷ ಆರು ವರ್ಷದವರಿಗೆ ಪಾಠ ಮಾಡಿದ ಮೇಷ್ಟ್ರಮ್ಮ ಎಂಬುದರ ಅರ್ಥ ಆ ದಿನ ನನಗೆ ಗೊತ್ತಾಯಿತು. ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ತಂದು ಅನಘಳ ಪಕ್ಕ ಒಟ್ಟಿದರು.

“ಇಳಾ, ಕೈ ಚಾಚು. ಅಕ್ಕ ಕೊಡ್ತಾಳ. ಕೆಳಗ ಇಡಂಗಿಲ್ಲ, ತಿರುಗಿ ಕೊಡಂಗಿಲ್ಲ. ಅನು, ನಿಲ್ಲಸಂಗಿಲ್ಲ. ಎಲ್ಲಾ ಕೊಡಬೇಕು.”

ಅನಘ ಖುಷಿಯಿಂದ ಒಂದೊಂದೇ ಪೇರಿಸತೊಡಗಿದಳು. ಮೂರಕ್ಕೆ ಇಳಾ ನಕ್ಕಳು. ಐದಕ್ಕೆ ಮುಖ ಕಾಣದಾಯಿತು. ಏಳಕ್ಕೆ ತೋಳು ನಡುಗಿತು.

“ಅಜ್ಜಿ, ಐ ಕಾಂಟ್! ಟೂ ಮಚ್!”

“ಇಳಸಂಗಿಲ್ಲ. ಅನು, ಕೊಡು.”

“ಅಜ್ಜೀ, ಬಟ್ ನನ್ ಹತ್ರ ಖಾಲಿ!” ಎಂದಳು ಅನಘ, ಬರಿಗೈ ತೋರಿಸಿ.

ಇಳಾ ಏದುಸಿರು ಬಿಡುತ್ತ ದಿಂಬುಗಳ ಸಮೇತ ಕುಸಿದಳು. ಅತ್ತೆ ಪಕ್ಕದಲ್ಲಿ ಕೂತು ಅವಳ ಎದೆಯ ಮೇಲೆ ಕೈಯಿಟ್ಟರು.

“ಢವಢವ ಅಂತೈತಲ್ಲ?”

“ಯಾ.”

“ಹೊಟ್ಟ್ಯಾಗ ಹಿಂಗ ಆಗಿತ್ತವಾ. ನೀ ಕೇಳಿದ್ಯೇನು, ನನಗ ಕೊಡು ಅಂತ?”

“ನೋ.”

“ಕಸಗೊಂಡ್ಯೇನು?”

“ನೋ! ಯೂ ಮೇಡ್ ಹರ್ ಗಿವ್ ಮಿ.”

“ಅಕಿ ಕೈ ಖಾಲಿ ಆತು, ನಿನ್ನ ಎದಿ ಸೋತು ಹೋತು. ಇಬ್ರಿಗೂ ತ್ರಾಸ. ಡಾಕ್ಟರ್ ಬಂದು ದಾರಿ ಮುಚ್ಚಿದ್ಲು, ಇಬ್ರೂ ಉಳದ್ರಿ. ಕಳವು ಯಾರೂ ಮಾಡಿಲ್ಲ. ನಿನಗ ಕಳ್ಳಿ ಅಂದವರು ನಾವು, ತಪ್ಪು ನಮ್ಮದು. ನಂದು, ನಿಮ್ಮಪ್ಪಂದು.”

ಇಳಾ ನನ್ನ ಕಡೆ ನೋಡಿದಳು. “ಅಪ್ಪ, ನೀನೂನಾ?”

“ನಾನೇ ಮೊದಲು ಹೇಳಿದ್ದು, ಪುಟ್ಟಿ. ತಪ್ಪಾಯ್ತು.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಸೋ ಐ ವಾಸ್ ಕ್ಯಾರಿಯಿಂಗ್ ಇಟ್” ಎಂದಳು, ಯಾರಿಗೂ ಅಲ್ಲವೆಂಬಂತೆ. ನನ್ನ ಸಾವಿರ ಸಮಾಧಾನಗಳು ಮುಟ್ಟದ ಜಾಗಕ್ಕೆ ಏಳು ದಿಂಬು ಮುಟ್ಟಿದವು. ಅಂದೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಕೆಲವು ದಿನ ಅವಳ ಕೈ ತಾನಾಗಿ ಅಕ್ಕನ ತಟ್ಟೆಯ ಕಡೆ ಹೋಗುತ್ತದೆ, ಅನಘಳ ಪೆನ್ಸಿಲು ಈಗಲೂ ಬೆರಳಿನಿಂದ ಜಾರುತ್ತದೆ. ಆದರೆ ಆ ಬೆಳಿಗ್ಗೆ ನಡೆದದ್ದಕ್ಕೆ ನಾವು ಮೂವರು ಸಾಕ್ಷಿಗಳಿದ್ದೇವೆ. ಮೂವರ ನೆನಪೂ ಒಂದೇ ಹೇಳುತ್ತದೆ.

ಅನಘಳಿಗೆ ಆಟ ಮತ್ತೆ ಆಡಬೇಕಿತ್ತು. ಇಳಾಳ ಮಡಿಲಲ್ಲಿದ್ದ ಹಳದಿ ದಿಂಬನ್ನು ಎಳೆದಳು. ಇಳಾ ಬಿಡಲಿಲ್ಲ.

“ಗಿವ್ ಮಿ!”

“ನೋ.”

“ಅಜ್ಜೀ, ಇಳಾ ಕೊಡ್ತಿಲ್ಲ!”

“ಕೊಡಲ್ಲ. ಇದು ನಂದು.”

ಅನಘ ಜೋರಾಗಿ ಅಳತೊಡಗಿದಳು. ಇಳಾ ದಿಂಬಿನ ಮೇಲೆ ಕೂತು ಅದರ ಎರಡೂ ಮೂಲೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಕ್ಕ ದೂಡಿದಳು, ತಂಗಿ ತಿರುಗಿ ದೂಡಿದಳು. ಅಭ್ಯಾಸಬಲದಿಂದ ನಾನು ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆ ನನ್ನ ಅಂಗಿಯ ತೋಳು ಹಿಡಿದರು.

“ಇರ್ಲಿ ಬಿಡ್ರಿ, ಜಗಳಾಡ್ಲಿ.”

ವಿದ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ. ಇಬ್ಬರೂ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದರು. ದೊಡ್ಡವರು ಮೂವರಿದ್ದೆವು, ಒಬ್ಬರೂ ಬಿಡಿಸಲು ಹೋಗಲಿಲ್ಲ.